ಹುಟ್ಟಿನಿಂದ ಹೃದಯದೋಷ ಇದ್ದವರಿಗೆ ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆ

ಕೇಳುಗರಿಗೆ ನಮಸ್ಕಾರ.

"ಎಕೋ ಮಾಡಿಸಿದ್ದೀನಿ, ಎಲ್ಲ ಸರಿ ಇದೆಯಂತೆ." ಚಿಕ್ಕಂದಿನಲ್ಲಿ ಹೃದಯದ ಆಪರೇಷನ್ ಆದವರು ಹೀಗೆ ಹೇಳುವುದನ್ನು ನೀವೂ ಕೇಳಿರಬಹುದು. ಸಕ್ಕರೆ ಯಾವಾಗ ನೋಡಿಸಿದ್ರಿ ಅಂತ ಕೇಳಿದರೆ ಮಾತ್ರ ಉತ್ತರ ಬರುವುದು ನಿಧಾನ. ಹೃದಯದ ಡಾಕ್ಟರು ಕವಾಟ ನೋಡುತ್ತಾರೆ, ತೂತು ಮುಚ್ಚಿದೆಯಾ ನೋಡುತ್ತಾರೆ. ಉಳಿದದ್ದನ್ನು ಇನ್ಯಾರೋ ನೋಡುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಯಾರೂ ನೋಡಿರುವುದಿಲ್ಲ.

ಹುಟ್ಟುವ ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಹೃದಯದೋಷ ಇರುತ್ತದೆ. ರಕ್ತದಲ್ಲಿ ಆಮ್ಲಜನಕ ಸಾಲದೆ ನೀಲಿಗಟ್ಟುವ ಮಕ್ಕಳಿಗೆ ರಕ್ತನಾಳ ಜೋಡಿಸುವ ಆಪರೇಷನ್ ಶುರುವಾದದ್ದು 1944ರಲ್ಲಿ. ಅದಕ್ಕೂ ಮುಂಚೆ ಅಂಥ ಮಕ್ಕಳು ಬೆಳೆದು ದೊಡ್ಡವರಾಗುವುದೇ ಅಪರೂಪ. ಈಗ ಒಳ್ಳೆಯ ಚಿಕಿತ್ಸೆ ಸಿಕ್ಕ ಕಡೆ ಹತ್ತರಲ್ಲಿ ಒಂಬತ್ತು ಮಕ್ಕಳು ದೊಡ್ಡವರಾಗುತ್ತಾರೆ, ಐವತ್ತು ಅರವತ್ತು ದಾಟಿದವರೂ ಇದ್ದಾರೆ. ನಿಜಕ್ಕೂ ಖುಷಿಪಡುವ ವಿಷಯ. ಆದರೆ ವಯಸ್ಸಿನ ಜೊತೆ ಬರುವ ಕಾಯಿಲೆಗಳು ಇವರನ್ನೂ ಬಿಡುವುದಿಲ್ಲ, ಅಲ್ವಾ? ಡೆನ್ಮಾರ್ಕ್‌ನ ಒಂದು ದೊಡ್ಡ ಅಧ್ಯಯನದಲ್ಲಿ, ಮೂವತ್ತು ದಾಟಿದ ಇಂಥವರಲ್ಲಿ ಸಕ್ಕರೆ ಕಾಯಿಲೆ ಬೇರೆಯವರಿಗಿಂತ ಜಾಸ್ತಿ ಕಂಡಿತು. ನೀಲಿಗಟ್ಟುವ ದೋಷ ಇದ್ದವರಲ್ಲಿ ಇನ್ನೂ ಜಾಸ್ತಿ.

ಯಾಕೆ ಹೀಗೆ? ಕಾರಣ ಒಂದೇ ಅಲ್ಲ. "ಓಡಬೇಡ, ಸುಸ್ತಾಗ್ತೀಯ" ಅನ್ನುವ ಮಾತು ಕೇಳುತ್ತಲೇ ಇವರು ಬೆಳೆದಿರುತ್ತಾರೆ. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯು. ಕೆಲಸ ಕೊಡದೆ ಸುಮ್ನೆ ಬಿಟ್ಟ ಸ್ನಾಯು ಅಷ್ಟು ಹೀರುವುದಿಲ್ಲ. ಮೈಯ ನೀರು ಇಳಿಸುವ ಕೆಲವು ಮಾತ್ರೆಗಳೂ ಸಕ್ಕರೆಯನ್ನು ಸ್ವಲ್ಪ ಏರಿಸುತ್ತವೆ.

ಈಗ ಪರೀಕ್ಷೆಯ ವಿಷಯ. ನನಗೆ ಹೆಚ್ಚು ಕಾಳಜಿ ಇರುವುದು ಇಲ್ಲೇ. ಎಚ್‌ಬಿಎ1ಸಿ ಎನ್ನುವ ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ ನಿಮಗೆ ಗೊತ್ತಿರಬಹುದು. 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಕ್ಕರೆ ಕಾಯಿಲೆ ಅನ್ನುತ್ತಾರೆ. ಆ ಲೆಕ್ಕ ನಿಂತಿರುವುದು ಕೆಂಪು ರಕ್ತಕಣಗಳ ಮೇಲೆ. ತುಟಿ, ಉಗುರು ನೀಲಿ ಇರುವವರಲ್ಲಿ ಆಮ್ಲಜನಕದ ಕೊರತೆ ತುಂಬಿಸಲು ದೇಹ ಆ ಕಣಗಳನ್ನು ಜಾಸ್ತಿ ಮಾಡುತ್ತದೆ, ಜೊತೆಗೆ ಕಬ್ಬಿಣದ ಅಂಶವೂ ಕಡಿಮೆ ಇರಬಹುದು. ಕಬ್ಬಿಣ ಕಡಿಮೆಯಾದರೆ ಈ ಸಂಖ್ಯೆ ಸುಳ್ಳಾಗಿ ಮೇಲೇರುತ್ತದೆ. ಕಣಗಳು ಬೇಗ ಸತ್ತು ಹೊಸವು ಬರುತ್ತಿದ್ದರೆ ಸುಳ್ಳಾಗಿ ಇಳಿಯುತ್ತದೆ. ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರ್ ಕೂಡ ರಕ್ತ ಗಟ್ಟಿ ಇದ್ದಾಗ ನಿಜಕ್ಕಿಂತ ಕಡಿಮೆ ತೋರಿಸಬಹುದು. ಹಾಗಾಗಿ ಇಂಥವರು ಲ್ಯಾಬಿನಲ್ಲಿ ರಕ್ತ ಕೊಟ್ಟು, ಬೆಳಗಿನ ಖಾಲಿಹೊಟ್ಟೆ ಸಕ್ಕರೆ ನೋಡಿಸುವುದು ಒಳ್ಳೆಯದು. 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇನ್ನೊಮ್ಮೆ ನೋಡಿಸಿ ಖಚಿತ ಮಾಡಿಕೊಳ್ಳಬೇಕು. ಅನುಮಾನ ಉಳಿದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆ ಇದೆ. ಖಾಲಿಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡದ್ದು ಅಲ್ಲಿ ಸಿಕ್ಕಿಬೀಳುತ್ತದೆ.

ಕೊಲೆಸ್ಟ್ರಾಲ್ ಕಥೆ ಬೇರೆ. ನೀಲಿಗಟ್ಟುವವರಲ್ಲಿ, ಹೃದಯದ ಒಂದೇ ಪಂಪು ಕೆಲಸ ಮಾಡುವವರಿಗೆ ಮಾಡುವ ಫಾಂಟನ್ ಆಪರೇಷನ್ ಆದವರಲ್ಲಿ ಅದು ಸಾಮಾನ್ಯಕ್ಕಿಂತ ಕಡಿಮೆ ಬರುವುದುಂಟು. ಫಾಂಟನ್ ಆದವರು ರಿಪೋರ್ಟ್ ನೋಡಿ ನೆಮ್ಮದಿಪಡುವ ಮೊದಲು ಒಂದು ಮಾತು. ಅವರ ಲಿವರ್ ಮೇಲೆ ರಕ್ತದ ಒತ್ತಡ ಜಾಸ್ತಿ ಇರುತ್ತದೆ, ಕೊಲೆಸ್ಟ್ರಾಲ್ ತಯಾರಾಗುವುದೂ ಮುಖ್ಯವಾಗಿ ಅಲ್ಲೇ. ಆದ್ದರಿಂದ ಕಡಿಮೆ ಸಂಖ್ಯೆಗೆ ಲಿವರ್ ತೊಂದರೆಯೂ ಕಾರಣ ಇರಬಹುದು, ಲಿವರ್ ಪರೀಕ್ಷೆಯನ್ನೂ ಜೊತೆಗಿಟ್ಟು ನೋಡಿ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಅಂದರೆ ಮಹಾಧಮನಿ, ಕಿರಿದಾಗಿದ್ದವರ ವಿಷಯ ತೀರಾ ಬೇರೆ. ಅದನ್ನು ಸರಿಮಾಡಿದ ಮೇಲೂ ಬಿಪಿ ಏರುವುದು ಸಾಮಾನ್ಯ, ಅದರ ಮೇಲೆ ಕೊಲೆಸ್ಟ್ರಾಲ್ ಸೇರಿದರೆ ಹೃದಯದ ರಕ್ತನಾಳಗಳಿಗೆ ಎರಡು ಕಡೆಯಿಂದ ಪೆಟ್ಟು.

ಮಾತ್ರೆಗಳ ಬಗ್ಗೆ ಎಚ್ಚರ ಇರಲಿ. ಹೃದಯದ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದಾಗ ಎದೆ ಹೊಡೆದುಕೊಳ್ಳುವ ಸೂಚನೆ ಸಿಗದೇ ಇರಬಹುದು. ಬೆವರುವುದು ಮಾತ್ರ ತಪ್ಪುವುದಿಲ್ಲ, ಅದನ್ನು ಗಮನಿಸಿ. ಹೃದಯದ ಬಡಿತದ ತಾಳ ತಪ್ಪಿದವರಿಗೆ ಕೊಡುವ ಅಮಿಯೊಡರೋನ್ ಜೊತೆ, ಕೊಲೆಸ್ಟ್ರಾಲ್ ಇಳಿಸುವ ಕೆಲವು ಸ್ಟ್ಯಾಟಿನ್ ಮಾತ್ರೆಗಳು ಹೊಂದುವುದಿಲ್ಲ. ಮಗು ಬೇಕೆಂದಿರುವ ಹೆಣ್ಣುಮಕ್ಕಳು ಸ್ಟ್ಯಾಟಿನ್ ವಿಷಯವನ್ನು ಮೊದಲೇ ಡಾಕ್ಟರ ಜೊತೆ ಮಾತಾಡಬೇಕು.

ನಡಿಗೆ, ವ್ಯಾಯಾಮ ಬಹುತೇಕ ಎಲ್ಲರಿಗೂ ಸಾಧ್ಯ. ಎಷ್ಟು, ಯಾವುದು ಅಂತ ನಿಮ್ಮ ಹೃದಯದ ಡಾಕ್ಟರನ್ನೇ ಕೇಳಿ. ಸಕ್ಕರೆ ಡಾಕ್ಟರ ಹತ್ತಿರ ಹೋಗುವಾಗ ಹಳೆಯ ಆಪರೇಷನ್ ಕಾಗದ ಜೊತೆಗಿರಲಿ. "ಚಿಕ್ಕಂದಿನಲ್ಲಿ ಏನೋ ಆಗಿತ್ತು" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ.

ನಮಸ್ಕಾರ.