ಸುಂಟರಗಾಳಿಯೋ, ನೇರ ಬಿರುಗಾಳಿಯೋ: ಬಿದ್ದ ಮರ ಓದುವ ಬಗೆ

ಕೇಳುಗರಿಗೆ ನಮಸ್ಕಾರ.

ಏಪ್ರಿಲ್, ಮೇ ತಿಂಗಳಲ್ಲಿ ದಾವಣಗೆರೆ, ಚಿತ್ರದುರ್ಗದ ಕಡೆ ಮಧ್ಯಾಹ್ನವೆಲ್ಲ ಬಿಸಿಲು ಕಾದು, ಸಂಜೆ ನಾಲ್ಕೈದರ ಹೊತ್ತಿಗೆ ಮೋಡ ಕಟ್ಟಿ, ಹತ್ತೇ ನಿಮಿಷದ ಗಾಳಿಗೆ ಬಾಳೆ ತೋಟ ಪೂರ್ತಿ ಮಲಗಿಬಿಡುವುದು ಹೊಸದಲ್ಲ. ಅಡಿಕೆ ಮರ ನಡು ಮುರಿಯುತ್ತದೆ, ದನದ ಕೊಟ್ಟಿಗೆಯ ಶೀಟು ಪಕ್ಕದ ಹೊಲದಲ್ಲಿ ಸಿಗುತ್ತದೆ. ಬೆಳಗಾದರೆ ಊರ ಕಟ್ಟೆಯ ಮೇಲೆ ವಾದ. ‘ಸುಂಟರಗಾಳಿಯೇ ಬಂದದ್ದು, ಮರ ಹೇಗೆ ತಿರುಚಿದೆ ನೋಡಿ’ ಎಂದು ಒಬ್ಬರು. ‘ಇಲ್ಲ, ಪಡುವಣದಿಂದ ಒಂದೇ ಸಮ ಬೀಸಿತು’ ಎಂದು ಇನ್ನೊಬ್ಬರು. ಈ ವಾದವನ್ನು ಬಿದ್ದ ಮರಗಳಿಂದಲೇ ತೀರ್ಮಾನಿಸಬಹುದು. ಆದರೆ ಒಂದು ಮರ ನೋಡಿದರೆ ಸಾಲದು, ಇಡೀ ಬಯಲನ್ನು ಓದಬೇಕು. ಅದೂ ಮರಗಳನ್ನು ಕಡಿದು ಸಾಗಿಸುವುದಕ್ಕೆ ಮೊದಲೇ ಆಗಬೇಕು.

ಮೊದಲು ಎರಡೂ ಗಾಳಿಗಳು ಹುಟ್ಟುವ ಬಗೆ ನೋಡೋಣ. ಬೇಸಿಗೆಯಲ್ಲಿ ನಮ್ಮ ಬಯಲುಸೀಮೆಯ ನೆಲದ ಬಳಿ ಗಾಳಿ ಬಿಸಿ, ಒಣ. ಮೋಡದ ತಳ ಎತ್ತರದಲ್ಲಿರುತ್ತದೆ. ಅಲ್ಲಿಂದ ಇಳಿಯುವ ಮಳೆಹನಿ ಒಣಗಾಳಿಯ ನಡುವೆ ಬರುವಾಗ ದಾರಿಯಲ್ಲೇ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಸುತ್ತಲಿನ ಗಾಳಿಯಿಂದಲೇ ಹೀರುತ್ತದೆ. ಒಂದು ಕಿಲೋ ಗಾಳಿಯಲ್ಲಿ ಒಂದು ಗ್ರಾಂ ನೀರು ಆವಿಯಾದರೆ ಆ ಗಾಳಿ ಸುಮಾರು ಎರಡೂವರೆ ಡಿಗ್ರಿ ತಣ್ಣಗಾಗುತ್ತದೆ. ಆಲಿಕಲ್ಲು ಕರಗಿದರೂ ಹೀಗೆಯೇ. ತಣ್ಣಗಾದ ಗಾಳಿಗೆ ಭಾರ ಹೆಚ್ಚು, ಅದು ಕುಸಿದು ಕೆಳಗೆ ಬರುತ್ತದೆ. ನೆಲಕ್ಕೆ ಬಡಿದ ಮೇಲೆ ಅದಕ್ಕೆ ಹೋಗಲು ಬೇರೆ ದಾರಿಯಿಲ್ಲ. ಅಂಗಳಕ್ಕೆ ಕೊಡ ನೀರು ಒಮ್ಮೆಗೇ ಸುರಿದಂತೆ ಸುತ್ತಲೂ ಹರಡುತ್ತದೆ. ಇದಕ್ಕೆ ಡೌನ್‌ಬರ್ಸ್ಟ್ ಎನ್ನುತ್ತಾರೆ. ಹಾನಿಯ ಹರವು 4 ಕಿ.ಮೀ. ಒಳಗಿದ್ದರೆ ಮೈಕ್ರೋಬರ್ಸ್ಟ್, ಮೀರಿದರೆ ಮ್ಯಾಕ್ರೋಬರ್ಸ್ಟ್. ನಿಮ್ಮ ಹೊಲದಲ್ಲಿ ನಿಂತವರಿಗೆ ಅದು ಒಂದೇ ದಿಕ್ಕಿನ ನೇರ ಬಿರುಗಾಳಿಯಾಗಿ ಕಾಣುತ್ತದೆ.

ಸುಂಟರಗಾಳಿಯ ಹುಟ್ಟು ಬೇರೆ. ಅಲ್ಲಿ ಮೇಲೇರುವ ಗಾಳಿಯೇ ತಿರುಗುತ್ತಿರುತ್ತದೆ. ನೆಲದ ಬಳಿ ಒಂದು ದಿಕ್ಕಿಗೆ, ಮೇಲೆ ಇನ್ನೊಂದು ದಿಕ್ಕಿಗೆ ಬೇರೆ ಬೇರೆ ವೇಗದಲ್ಲಿ ಗಾಳಿ ಬೀಸುತ್ತಿದ್ದರೆ, ಕೆಳಗೆ ತೇವವೂ ಹೇರಳವಾಗಿದ್ದರೆ, ಆ ತಿರುಗಾಟ ಮೋಡದಿಂದ ನೆಲದವರೆಗೂ ಕಂಬದಂತೆ ನಿಲ್ಲಬಹುದು. ನಮ್ಮ ದೇಶದಲ್ಲಿ ಇದು ನಡೆದಿದೆ: 1978ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ, 2009ರ ಮಾರ್ಚ್‌ನಲ್ಲಿ ಒಡಿಶಾದ ರಾಜಕನಿಕಾದಲ್ಲಿ, 2024ರ ಮಾರ್ಚ್ ಕೊನೆಯ ದಿನ ಪಶ್ಚಿಮ ಬಂಗಾಳದ ಜಲ್ಪೈಗುರಿ ಜಿಲ್ಲೆಯಲ್ಲಿ. ಹಾಗಾಗಿ ‘ನಮ್ಮ ದೇಶದಲ್ಲಿ ಸುಂಟರಗಾಳಿ ಬರುವುದೇ ಇಲ್ಲ’ ಎನ್ನುವ ಮಾತು ಸರಿಯಲ್ಲ. ಆದರೆ ಮೋಡದ ತಳ ಎತ್ತರದಲ್ಲಿರುವ, ಕೆಳಗಿನ ಗಾಳಿ ಒಣಗಿರುವ ನಮ್ಮ ಬೇಸಿಗೆಯಲ್ಲಿ ಮೊದಲ ಅನುಮಾನ ಹೋಗಬೇಕಾದದ್ದು ಮೇಲಿಂದ ಕುಸಿಯುವ ಗಾಳಿಯ ಕಡೆಗೆ. ಇನ್ನು, ಚಳ್ಳಕೆರೆಯ ಬಯಲಲ್ಲಿ ಮೋಡವೇ ಇಲ್ಲದ ಮಧ್ಯಾಹ್ನ ಧೂಳೆತ್ತಿಕೊಂಡು ಹೋಗುವ ಸುಳಿಗಾಳಿ ಇವೆರಡೂ ಅಲ್ಲ. ಅದು ಕಾದ ನೆಲದಿಂದ ಏಳುವಂಥದ್ದು.

ಈ ಎರಡನ್ನೂ ಬೇರ್ಪಡಿಸಿ ತೋರಿಸಿದವರು ಜಪಾನ್ ಮೂಲದ ಹವಾಮಾನ ವಿಜ್ಞಾನಿ ಟೆಟ್ಸುಯಾ ಫುಜಿಟಾ. 1945ರಲ್ಲಿ ಅವರು ಅಣುಬಾಂಬಿನ ಹಾನಿಯನ್ನು ಪರಿಶೀಲಿಸಿದ್ದರು. ಮೇಲೆ ಸಿಡಿದ ಬಾಂಬಿನಿಂದ ಮರಗಳು ಒಂದು ನಡುಬಿಂದುವಿನಿಂದ ಹೊರಮುಖವಾಗಿ ವಾಲಿದ್ದವು. 1974ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಒಂದು ದಿನದ ಅವಧಿಯೊಳಗೆ 148 ಸುಂಟರಗಾಳಿಗಳು ಎದ್ದಾಗ ವಿಮಾನದಿಂದ ಹಾನಿ ನೋಡುತ್ತಿದ್ದ ಅವರಿಗೆ, ಒಂದು ಕಾಡಿನಲ್ಲಿ ಅದೇ ಹೊರಮುಖದ ವಿನ್ಯಾಸ ಕಂಡಿತು. ತಿರುಗುವ ಗಾಳಿ ಹಾಗೆ ಮಾಡಲಾರದು. ಮರುವರ್ಷ ಜೂನ್ 24ರಂದು ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ಇಳಿಯುತ್ತಿದ್ದ ವಿಮಾನವೊಂದು ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಇಂಥ ಕುಸಿಯುವ ಗಾಳಿಯೇ ಕಾರಣ ಎಂದು ಫುಜಿಟಾ ವಾದಿಸಿದರು. ಹಲವರು ಒಪ್ಪಲಿಲ್ಲ. 1978ರಲ್ಲಿ ಷಿಕಾಗೋ ಬಳಿ ಗಾಳಿಯ ವೇಗ ಅಳೆಯಬಲ್ಲ ಡಾಪ್ಲರ್ ರಾಡಾರ್‌ಗಳನ್ನು ನಿಲ್ಲಿಸಿ ಹತ್ತಾರು ಮೈಕ್ರೋಬರ್ಸ್ಟ್‌ಗಳನ್ನು ಹಿಡಿದ ಮೇಲೆ ವಾದ ಮುಗಿಯಿತು. ಇಂದಿಗೂ ಹಾನಿ ಪರಿಶೀಲನೆಯ ಮೂಲಸೂತ್ರ ಅದೇ: ಮರಗಳು ಹೊರಕ್ಕೆ ಹರಡಿದ್ದರೆ ಕುಸಿದ ಗಾಳಿ, ಒಳಕ್ಕೆ ಕೂಡಿದ್ದರೆ ಸುಂಟರಗಾಳಿ.

ಈ ಕೂಡುವಿಕೆ ಹೇಗಿರುತ್ತದೆ? ಸುಂಟರಗಾಳಿಯೊಂದು ಪಶ್ಚಿಮದಿಂದ ಪೂರ್ವಕ್ಕೆ ಸಾಗಿತು ಎಂದುಕೊಳ್ಳಿ. ನಮ್ಮ ಉತ್ತರ ಗೋಳಾರ್ಧದಲ್ಲಿ ಅದು ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ. ದಾರಿಯ ದಕ್ಷಿಣ ಬದಿಯಲ್ಲಿ ತಿರುಗುವ ವೇಗಕ್ಕೆ ಮುಂದೆ ಸಾಗುವ ವೇಗವೂ ಸೇರುತ್ತದೆ, ಆದ್ದರಿಂದ ಹಾನಿ ಅಲ್ಲಿ ಜಾಸ್ತಿ, ಮರಗಳ ತುದಿ ಪೂರ್ವಕ್ಕೆ ಅಥವಾ ಈಶಾನ್ಯಕ್ಕೆ. ಉತ್ತರ ಬದಿಯಲ್ಲಿ ಹಾನಿ ಕಡಿಮೆ, ಬಿದ್ದವುಗಳ ತುದಿ ದಕ್ಷಿಣಕ್ಕೋ ನೈಋತ್ಯಕ್ಕೋ ಇರುತ್ತದೆ. ಅಂದರೆ ಎರಡೂ ಬದಿಯವು ನಡುಗೆರೆಯ ಕಡೆಗೇ ತಲೆ ಹಾಕಿರುತ್ತವೆ. ನಡುಗೆರೆಯ ಮೇಲೆ ಒಂದರ ಮೇಲೊಂದು ಬಿದ್ದ ಮರಗಳು ಸಿಕ್ಕರೆ ಅದು ಬಲವಾದ ಸಾಕ್ಷಿ. ಮುಂಭಾಗದ ಗಾಳಿ ಮೊದಲು ತಾಕುವುದರಿಂದ ಅಡಿಯ ಮರದ ತುದಿ ಉತ್ತರಕ್ಕೆ, ಹಿಂಭಾಗದ ಗಾಳಿ ಆಮೇಲೆ ಬರುವುದರಿಂದ ಮೇಲಿನ ಮರದ ತುದಿ ದಕ್ಷಿಣಕ್ಕೆ. ಈ ಅಡಿ-ಮೇಲಿನ ಕ್ರಮವನ್ನು ಫೋಟೋ ತೆಗೆಯದೆ ಗರಗಸ ಹಾಕಿದರೆ ಮತ್ತೆ ತಿಳಿಯಲು ದಾರಿಯಿಲ್ಲ. ಹಾನಿಯ ಪಟ್ಟಿಯೂ ಬೇರೆ ಬಗೆಯದು: ಸುಂಟರಗಾಳಿಯದು ಕಿರಿದು, ಉದ್ದ, ಅಂಚು ಗೆರೆ ಎಳೆದಂತೆ. ಕುಸಿದ ಗಾಳಿಯದು ಅಗಲ, ಬೀಸಣಿಗೆಯಾಕಾರ, ಅಂಚು ಮೆಲ್ಲಗೆ ಕರಗಿಹೋಗುತ್ತದೆ.

ಕೆಲಸ ಮಾಡುವ ವಿಧಾನ ಹೇಳುತ್ತೇನೆ. ಬೇಕಾದದ್ದು ಮೊಬೈಲು, ಒಂದು ನೋಟ್‌ಬುಕ್ಕು, ಜೊತೆಗೊಬ್ಬರು. ತಂತಿ ಹರಿದು ಬಿದ್ದಿದ್ದರೆ ಬೆಸ್ಕಾಂನವರು ಲೈನ್ ಆಫ್ ಮಾಡಿದ್ದಾರೆಂದು ಖಾತ್ರಿಯಾಗುವ ತನಕ ತೋಟದೊಳಗೆ ಕಾಲಿಡಬೇಡಿ. ಮೊಬೈಲಿನ ದಿಕ್ಸೂಚಿಯನ್ನು ಗಾಳಿಯಲ್ಲಿ ಎಂಟರಾಕಾರಕ್ಕೆ ಆಡಿಸಿ ಸರಿಮಾಡಿಕೊಳ್ಳಿ. ಬೈಕು, ಪಂಪ್‌ಸೆಟ್ಟು, ತಂತಿಬೇಲಿಯಿಂದ ಐದಾರು ಹೆಜ್ಜೆ ದೂರ ನಿಲ್ಲಿ, ಕಬ್ಬಿಣದ ಪಕ್ಕ ಮುಳ್ಳು ಸುಳ್ಳು ಹೇಳುತ್ತದೆ. ಬಿದ್ದ ಮರದ ಬುಡದಲ್ಲಿ ನಿಂತು ತುದಿಯ ಕಡೆ ಮುಖಮಾಡಿ ಡಿಗ್ರಿ ಬರೆದುಕೊಳ್ಳಿ: ಪೂರ್ವ 90, ದಕ್ಷಿಣ 180, ಪಶ್ಚಿಮ 270. ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಹವಾಮಾನದವರು ‘ಪಶ್ಚಿಮದ ಗಾಳಿ’ ಎಂದರೆ ಪಶ್ಚಿಮದಿಂದ ಬಂದದ್ದು, ಅದು ಕೆಡವಿದ ಮರದ ತುದಿ ಪೂರ್ವಕ್ಕಿರುತ್ತದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ‘ಬುಡದಿಂದ ತುದಿಗೆ’ ಎಂದು ಬರೆದಿಡಿ. ಐವತ್ತು ಮೀಟರಿಗೊಮ್ಮೆ ನಿಂತು ಪ್ರತಿ ಜಾಗದಲ್ಲಿ ನಾಲ್ಕೈದು ಮರ ಅಳೆಯಿರಿ. ನೆಟ್ಟಗೆ ನಿಂತ ಮರಗಳನ್ನೂ ಗುರುತಿಸಿ, ಅವಿಲ್ಲದೆ ಹಾನಿಯ ಅಂಚು ಸಿಗುವುದಿಲ್ಲ. ಗಾಳಿ ಬಂದ ದಾರಿಗೆ ಅಡ್ಡಲಾಗಿ ನಡೆಯುವುದು ಮುಖ್ಯ. ಉದ್ದಕ್ಕೆ ನಡೆದರೆ ಎರಡೂ ಗಾಳಿ ಒಂದೇ ತರಹ ಕಾಣುತ್ತವೆ. ಆಮೇಲೆ ಸರ್ವೆ ನಕ್ಷೆಯ ಮೇಲೋ ಉಪಗ್ರಹ ಚಿತ್ರದ ಮೇಲೋ ಬಾಣ ಎಳೆಯಿರಿ. ಐವತ್ತು ಅರವತ್ತು ಬಾಣ ಬಿದ್ದ ಹೊತ್ತಿಗೆ ವಿನ್ಯಾಸ ತಾನೇ ಕಾಣತೊಡಗುತ್ತದೆ.

ಬೆಳೆಯಿಂದ ಬೆಳೆಗೆ ಎಚ್ಚರ ಬೇರೆ ಬೇರೆ. ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟ ಇದಕ್ಕೆ ಒಳ್ಳೆಯದು. ಒಂಬತ್ತು ಅಡಿ ಅಂತರಕ್ಕೆ ಹಾಕಿದ್ದರೆ ಎಕರೆಗೆ ಐನೂರಕ್ಕೂ ಹೆಚ್ಚು ಮರ, ಎಲ್ಲ ಹೆಚ್ಚುಕಡಿಮೆ ಒಂದೇ ದಪ್ಪ. ಆದರೆ ಒಂದು ಬಿದ್ದು ಪಕ್ಕದ್ದನ್ನೂ ಕೆಡವುತ್ತದೆ, ಹಾಗಾಗಿ ರಾಶಿಯ ತಳದ ಮರವನ್ನೇ ಅಳೆಯಬೇಕು. ಬಾಳೆ ಅಷ್ಟು ನಂಬಿಕಸ್ಥ ಸಾಕ್ಷಿಯಲ್ಲ. ಗೊನೆ ತೂಗುತ್ತಿದ್ದ ಕಡೆಗೇ ಅದು ವಾಲುತ್ತದೆ, ಊರೆ ಕೊಟ್ಟಿದ್ದರೆ ಊರೆ ಇಲ್ಲದ ಕಡೆಗೆ. ಗೊನೆ ಬಿಡದ ಗಿಡಗಳನ್ನೇ ಆರಿಸಿಕೊಳ್ಳಿ. ಮೆಕ್ಕೆಜೋಳ ಒಂದೆರಡು ದಿನದಲ್ಲೇ ಕುತ್ತಿಗೆ ಬಗ್ಗಿಸಿ ಮೇಲೇಳಲು ನೋಡುತ್ತದೆ, ಅದನ್ನು ಮೊದಲು ಅಳೆಯಿರಿ. ಭದ್ರಾ ನಾಲೆಯ ಬಯಲಲ್ಲಿ ಮಲಗಿದ ಭತ್ತವಂತೂ ಜನರನ್ನು ಹೆಚ್ಚು ದಾರಿ ತಪ್ಪಿಸುತ್ತದೆ. ಗದ್ದೆಯಲ್ಲಿ ಸುರುಳಿ ಸುರುಳಿಯಾಗಿ ತೆನೆ ಮಲಗಿದ್ದನ್ನು ಕಂಡ ಕೂಡಲೇ ಸುಂಟರಗಾಳಿ ಎನ್ನುತ್ತಾರೆ. ನೇರ ಗಾಳಿಯೊಳಗೂ ಸಣ್ಣ ಸಣ್ಣ ಸುಳಿಗಳಿರುತ್ತವೆ, ಗೊಬ್ಬರ ಹೆಚ್ಚಾದ ಮಡಿ ಮೊದಲು ಮಲಗುತ್ತದೆ. ಆ ಸುರುಳಿಯಿಂದ ಏನೂ ತೀರ್ಮಾನವಾಗದು.

ತಿರುಚಿದ ಮರದ ಮಾತೂ ಹಾಗೇ. ಒಂದೇ ಕಡೆ ಕೊಂಬೆ ದಟ್ಟವಾಗಿದ್ದ ಬೇವನ್ನೋ ಹುಣಸೆಯನ್ನೋ ನೇರ ಗಾಳಿ ತಳ್ಳಿದರೂ ಕಾಂಡ ತಿರುಚಿಕೊಂಡೇ ಮುರಿಯುತ್ತದೆ. ‘ರೈಲು ಬಂದ ಹಾಗೆ ಸದ್ದಾಯಿತು’ ಎನ್ನುವುದು ಎರಡೂ ಗಾಳಿಗೆ ಹೊಂದುತ್ತದೆ. ಹಾನಿ ಎಷ್ಟು ಭೀಕರ ಎಂಬುದರಿಂದಲೂ ಗೊತ್ತಾಗದು. 1983ರಲ್ಲಿ ವಾಷಿಂಗ್ಟನ್ ಬಳಿಯ ಆಂಡ್ರೂಸ್ ವಾಯುನೆಲೆಯಲ್ಲಿ ಮೈಕ್ರೋಬರ್ಸ್ಟ್ ಒಂದರ ವೇಗ ಗಂಟೆಗೆ ಸುಮಾರು 240 ಕಿ.ಮೀ. ಮುಟ್ಟಿತ್ತು, ಸಣ್ಣ ಸುಂಟರಗಾಳಿಗಳು ಅದರ ಅರ್ಧದಷ್ಟೂ ಇರುವುದಿಲ್ಲ.

ಶೀಟು ಹಾರಿದ್ದಕ್ಕೂ ಲೆಕ್ಕವಿದೆ. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 72 ಕಿ.ಮೀ. ವೇಗದಲ್ಲಿ ಚದರ ಮೀಟರಿಗೆ ಸುಮಾರು 24 ಕಿಲೋ ಭಾರದಷ್ಟು, 144 ಕಿ.ಮೀ.ಯಲ್ಲಿ 98 ಕಿಲೋದಷ್ಟು. ಹತ್ತಡಿ ಉದ್ದ, ಮೂರೂವರೆ ಅಡಿ ಅಗಲದ ಶೀಟಿಗೆ ಅದು 300 ಕಿಲೋ ದಾಟುತ್ತದೆ. ಗಾಳಿಗೆ ಎದುರು ಬದಿ ತೆರೆದ ಕೊಟ್ಟಿಗೆಯಲ್ಲಿ ಒಳನುಗ್ಗಿದ ಗಾಳಿ ಕೆಳಗಿಂದ ಎತ್ತುತ್ತದೆ, ಮೇಲಿನ ಗಾಳಿ ಎಳೆಯುತ್ತದೆ. ಮೊದಲು ಸಡಿಲಾಗುವುದು ಮೂಲೆ ಮತ್ತು ಸೂರಿನ ಅಂಚಿನಲ್ಲಿ ಶೀಟನ್ನು ಹಿಡಿದಿಡುವ ಕೊಕ್ಕೆಯಾಕಾರದ ಜೆ-ಬೋಲ್ಟು. ಎದ್ದ ಶೀಟು ರೆಕ್ಕೆಯಂತೆ ತೇಲಿ ಎಲ್ಲಿಗೋ ಹೋಗಿ ಬೀಳುತ್ತದೆ. ಆದ್ದರಿಂದ ಶೀಟು ಸಿಕ್ಕ ಜಾಗಕ್ಕಿಂತ ಯಾವ ಅಂಚಿನ ಬೋಲ್ಟು ಮೊದಲು ಕಿತ್ತಿದೆ ಎಂಬುದು ಮುಖ್ಯ.

ಸಾಕ್ಷಿ ಇನ್ನೂ ಎರಡು ಕಡೆ ಸಿಗುತ್ತದೆ. ಕುಸಿದ ಗಾಳಿ ಬಂದಾಗ ಉಷ್ಣತೆ ಕೆಲವೇ ನಿಮಿಷದಲ್ಲಿ ಧಡಕ್ಕನೆ ಇಳಿದು ಗಾಳಿಯೊತ್ತಡ ಏರುತ್ತದೆ. ಸುಂಟರಗಾಳಿ ತಲೆಯ ಮೇಲೆ ಹಾದರೆ ಒತ್ತಡ ಕುಸಿಯುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಮಾಪಕಗಳು ಹೋಬಳಿ ಮಟ್ಟದಲ್ಲಿವೆ, ಆ ಸಂಜೆಯ ದಾಖಲೆ ಕೇಳಿ ನೋಡಿ. ಚಿತ್ರದುರ್ಗದ ಗುಡ್ಡಸಾಲಿನ ಗಾಳಿಯಂತ್ರಗಳಲ್ಲೂ ವೇಗ, ದಿಕ್ಕು ದಾಖಲಾಗುತ್ತಿರುತ್ತದೆ. ಆದರೆ ಮಾಪಕ ನಾಲ್ಕು ಕಿ.ಮೀ. ಆಚೆ ಇದ್ದರೆ ನಿಮ್ಮ ತೋಟದ ಗಾಳಿ ಅದಕ್ಕೆ ತಾಕಿಯೇ ಇರಲಿಕ್ಕಿಲ್ಲ.

ಕೆಲವೊಮ್ಮೆ ಕಟ್ಟೆಯ ಮೇಲಿನ ಇಬ್ಬರದೂ ಸರಿಯಿರುತ್ತದೆ. ತಣ್ಣನೆಯ ಗಾಳಿ ಹರಡುತ್ತ ಹೋಗುವಾಗ ಅದರ ಮುಂಚೂಣಿಯಲ್ಲಿ ಕೆಲವೇ ನಿಮಿಷ ಬಾಳುವ ಸುಳಿಗಳು ಏಳುತ್ತವೆ. ಮೋಡಕ್ಕೂ ಅವಕ್ಕೂ ಸಂಬಂಧವಿಲ್ಲ. ನಕ್ಷೆಯಲ್ಲಿ ನೂರು ಬಾಣ ಹೊರಮುಖವಾಗಿದ್ದು, ಒಂದು ಮೂಲೆಯಲ್ಲಿ ಐದಾರು ಮಾತ್ರ ಒಳಮುಖವಾಗಿದ್ದರೆ ಇದನ್ನೇ ಶಂಕಿಸಿ. ಎರಡು ಗುಡ್ಡಗಳ ನಡುವಿನ ಕಣಿವೆ, ಕೆರೆ ಏರಿ, ಗೋದಾಮುಗಳ ಸಂದು ಕೂಡ ಗಾಳಿಯನ್ನು ತಿರುಗಿಸುತ್ತವೆ. ಅಂಥ ಜಾಗದ ಬಾಣಗಳನ್ನು ಬೇರೆ ಬಣ್ಣದಲ್ಲಿ ಬರೆಯಿರಿ.

ಮಹಜರಿಗೆ ಗ್ರಾಮ ಆಡಳಿತಾಧಿಕಾರಿ ಬಂದಾಗ ಫೋಟೋದ ಜೊತೆ ದಿಕ್ಕಿನ ಡಿಗ್ರಿಯನ್ನೂ ಬರೆಸಿ. ಮುಂದೆ ತೋಟ ಕಟ್ಟುವಾಗ ಅದು ಬೇಕಾಗುತ್ತದೆ. ಸಿಲ್ವರ್ ಓಕ್ ಅಥವಾ ಸರ್ವೆ ಮರದ ದಟ್ಟ ಸಾಲು ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೆ ನೇರ ಗಾಳಿಯ ಬಿರುಸನ್ನು ತಗ್ಗಿಸುತ್ತದೆ, ಸುಂಟರಗಾಳಿಗೆ ಅದು ತಡೆಯಾಗದು. ಒಂದು ವರ್ಷದ ನಕ್ಷೆ ನೋಡಿ ಸಾಲು ಹಾಕಬೇಡಿ, ಏಕೆಂದರೆ ಕುಸಿಯುವ ಗಾಳಿ ಮುಂದಿನ ಸಲ ಇನ್ನೊಂದು ದಿಕ್ಕಿನಿಂದ ಹರಡಬಹುದು. ಅಕ್ಕಪಕ್ಕದ ಊರುಗಳ ಮೂರ್ನಾಲ್ಕು ವರ್ಷದ ಬಾಣಗಳನ್ನು ಒಂದೇ ಹಾಳೆಯ ಮೇಲೆ ಕೂಡಿಸಿ, ಹೆಚ್ಚು ಬಾಣಗಳು ಯಾವ ಕಡೆಯಿಂದ ಬಂದಿವೆಯೋ ಆ ಅಂಚಿಗೆ ಮೊದಲ ಸಾಲು ನೆಡಿ. ಕೊಟ್ಟಿಗೆಯ ಆ ಬದಿಯ ಮೂಲೆಗಳಲ್ಲಿ ಜೆ-ಬೋಲ್ಟುಗಳ ಅಂತರವನ್ನು ಅರ್ಧಕ್ಕಿಳಿಸಿ.

ನಮಸ್ಕಾರ.