ಬೋರಿನೊಳಗೆ ಬಿದ್ದ ಗೆರೆ

ನಮಸ್ಕಾರ ಕೇಳುಗರೇ.

ಬೈಕಿನ ಇಂಜಿನ್ ಹೆಡ್ ಬಿಚ್ಚಿ, ಬ್ಲಾಕನ್ನು ಮೇಲಕ್ಕೆ ಎಳೆದು ಬೆಳಕಿಗೆ ಹಿಡಿದರೆ ಒಳಗೋಡೆ ಹೇಗಿರಬೇಕು? ಒಂದಕ್ಕೊಂದು ಓರೆಯಾಗಿ ಹಾದುಹೋದ ಸಣ್ಣ ಸಣ್ಣ ಗೀರು, ಅದರ ಮೇಲೆ ತೆಳ್ಳಗೆ ಎಣ್ಣೆ. ಅಷ್ಟೇ ಕಾಣಬೇಕು. ಅದು ಬಿಟ್ಟು ಮೇಲಿಂದ ಕೆಳಕ್ಕೆ ಉದ್ದುದ್ದ ಗೆರೆ ಬಿದ್ದಿದ್ದರೆ ಬೋರ್, ಅಂದರೆ ಪಿಸ್ಟನ್ ಓಡಾಡುವ ಈ ಕೊಳವೆ, ಕೆಟ್ಟಿದೆ ಅಂತ ಅರ್ಥ. ಗಾಡಿ ಇದನ್ನು ಮೊದಲೇ ಹೇಳಿರುತ್ತದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ, ಕಿಕ್ ಹೊಡೆದರೆ ಕಾಲಿಗೆ ತಡೆಯೇ ಸಿಗದಷ್ಟು ಸಡಿಲ, ಎತ್ತರ ಹತ್ತುವಾಗ ಪಿಕಪ್ ಇಲ್ಲ, ಇಂಜಿನ್ ಆಯಿಲ್ ಸುಮ್ನೆ ಮಾಯ.

ಇಷ್ಟಾದ ಮೇಲೆ ಎಲ್ಲರೂ ಮಾಡುವ ಕೆಲಸ ಒಂದೇ. ಬ್ಲಾಕನ್ನು ಎತ್ತಿಕೊಂಡು ಸೀದಾ ರೀಬೋರ್ ಮಾಡುವವರ, ಅಂದರೆ ಬೋರನ್ನು ಕೊರೆದು ಸ್ವಲ್ಪ ದೊಡ್ಡದು ಮಾಡುವವರ, ಹತ್ತಿರ ಓಡುವುದು. ನನ್ನ ತಕರಾರು ಇರುವುದು ಇಲ್ಲೇ. ಬೋರಿಂಗ್ ಮಷಿನ್ ಗೆರೆಯನ್ನು ತೆಗೆಯುತ್ತದೆ, ಗೆರೆ ಬೀಳಿಸಿದ ಕಾರಣವನ್ನು ತೆಗೆಯುವುದಿಲ್ಲ. ಆ ಕಾರಣ ಇಂಜಿನ್ನಿನಲ್ಲೇ ಕೂತಿರುತ್ತದೆ, ಹೊಸ ಪಿಸ್ಟನ್ನಿಗೂ ಅದೇ ಗತಿ ಕಾಣಿಸುತ್ತದೆ. ಅದಕ್ಕೇ ಮೊದಲು ಗೆರೆಯನ್ನು ಓದಬೇಕು. ಒರೆಸುವ ಮುಂಚೆಯೇ, ಪಿಸ್ಟನ್ನನ್ನು ಪಕ್ಕದಲ್ಲಿ ಇಟ್ಟುಕೊಂಡು.

ಗೆರೆ ಎಲ್ಲಿ ಬಿದ್ದಿದೆ ಅನ್ನುವುದೇ ಅರ್ಧ ಉತ್ತರ. ಸೈಲೆನ್ಸರ್ ಕಡೆಯ ಗೋಡೆಯಲ್ಲಿ ಮಾತ್ರ ಇದೆಯಾ? ಬ್ಲಾಕಿನಲ್ಲಿ ಜಾಸ್ತಿ ಕಾಯುವ ಬದಿ ಅದು. ಟೂ ಸ್ಟ್ರೋಕ್ ಗಾಡಿಯಾದರೆ ಕಾರ್ಬೊರೇಟರಿನಿಂದ ಪೆಟ್ರೋಲ್ ಕಡಿಮೆ ಬರುತ್ತಿರಬಹುದು, ಇಲ್ಲಾ ಎಲ್ಲೋ ಪ್ಯಾಕಿಂಗ್ ಹರಿದು ಗಾಳಿ ನುಗ್ಗುತ್ತಿರಬಹುದು. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್ನಿನ ಎರಡೂ ತುದಿಯ ಎರಡೂ ಪಕ್ಕದಲ್ಲಿ, ಒಟ್ಟು ನಾಲ್ಕು ಕಡೆ ಉಜ್ಜಿದ ಗುರುತಿದ್ದರೆ, ಇಂಜಿನ್ ಬಿಸಿಯಾಗುವ ಮುಂಚೆಯೇ ಜೋರಾಗಿ ಆಕ್ಸಿಲರೇಟರ್ ತಿರುಗಿಸಿರಬಹುದು, ಇಲ್ಲಾ ಕ್ಲಿಯರೆನ್ಸ್, ಅಂದರೆ ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದು, ತೀರಾ ಬಿಗಿ ಇರಬಹುದು. ಅಲ್ಯೂಮಿನಿಯಂ ಪಿಸ್ಟನ್ ಬೇಗ ಹಿಗ್ಗುತ್ತದೆ, ಕಬ್ಬಿಣದ ಬೋರ್ ನಿಧಾನವಾಗಿ ಹಿಗ್ಗುತ್ತದೆ. ಪಿನ್ನಿನ ತುದಿ ಇರುವ ಜಾಗಕ್ಕೆ ಸರಿಯಾಗಿ, ಕಿರಿದಾಗಿ, ಆಳವಾಗಿ ಒಂದೇ ಕೊರೆತ ಇದ್ದರೆ ಪಿನ್ ಹೊರಬರದಂತೆ ತಡೆಯುವ ಪಿನ್ ಲಾಕ್ ಕಳಚಿಕೊಂಡಿದೆ. ಇನ್ನು ಗೆರೆ ಅನ್ನುವಂಥದ್ದೇ ಇಲ್ಲ, ಗೋಡೆ ಪೂರ್ತಿ ಬೂದುಬಣ್ಣಕ್ಕೆ ತಿರುಗಿ ಮಂಕಾಗಿದೆ ಅಂದರೆ ಒಳಗೆ ದೂಳು ಹೋಗಿದೆ. ಏರ್ ಫಿಲ್ಟರಿನ ಸ್ಪಂಜನ್ನೂ, ಅದರ ಹಿಂದಿನ ರಬ್ಬರ್ ಪೈಪನ್ನೂ ನೋಡಿ. ಪಿಸ್ಟನ್ ಸುತ್ತಲೂ ಒಣಒಣವಾಗಿ ಉಜ್ಜಿಕೊಂಡಿದ್ದರೆ ಎಣ್ಣೆ ತಲುಪಿಲ್ಲ. ಆಯಿಲ್ ಪಂಪ್, ಜಾಲರಿ, ಎಣ್ಣೆ ಹೋಗುವ ತೂತು, ಮೂರನ್ನೂ ಬಿಚ್ಚಿ ನೋಡದೆ ಮುಂದಕ್ಕೆ ಹೋಗಬಾರದು.

ಕಾರಣ ಸಿಕ್ಕಿತು ಅಂದುಕೊಳ್ಳೋಣ. ಈಗ ಗೆರೆಯ ಆಳ. ಬೆರಳಿನ ಉಗುರನ್ನು ಗೆರೆಗೆ ಅಡ್ಡವಾಗಿ ಎಳೆಯಿರಿ. ಉಗುರು ಸಿಕ್ಕಿಕೊಳ್ಳದೆ ಜಾರಿದರೆ ಹೋನಿಂಗಿನಲ್ಲೇ, ಅಂದರೆ ಉಜ್ಜುಕಲ್ಲಿನಿಂದ ಗೋಡೆಯನ್ನು ಹಗುರವಾಗಿ ಉಜ್ಜುವುದರಲ್ಲೇ, ಹೋಗುವ ಸಾಧ್ಯತೆ ಇದೆ. ಸಿಕ್ಕಿಕೊಂಡರೆ? ತಕ್ಷಣ ರೀಬೋರ್ ಅನ್ನಬೇಡಿ. ಅದು ತಗ್ಗೋ ಉಬ್ಬೋ ನೋಡಿ. ಎಷ್ಟೋ ಸಲ ಗೋಡೆಗೆ ಏನೂ ಆಗಿರುವುದಿಲ್ಲ. ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಗೋಡೆಗೆ ಮೆತ್ತಿಕೊಂಡಿರುತ್ತದೆ, ಅಷ್ಟೆ. ಅದನ್ನು ತೆಗೆಯಲು ಕಾಸ್ಟಿಕ್ ಸೋಡಾ ಸಾಕು. ನೀರಿನಲ್ಲಿ ಕರಗಿಸಿ, ಕಡ್ಡಿಗೆ ಹತ್ತಿ ಸುತ್ತಿ, ಮೆತ್ತಿದ ಜಾಗಕ್ಕೆ ಮಾತ್ರ ಮುಟ್ಟಿಸಬೇಕು. ಗುಳ್ಳೆ ಏಳುತ್ತದೆ, ಅಲ್ಯೂಮಿನಿಯಂ ಕರಗುತ್ತದೆ. ಕೆಲವರು ಆ್ಯಸಿಡ್ ಹಾಕುತ್ತಾರೆ. ಆ್ಯಸಿಡ್ ಕಬ್ಬಿಣವನ್ನೂ ತಿನ್ನುತ್ತದೆ, ಕಾಸ್ಟಿಕ್ ಸೋಡಾ ತಿನ್ನುವುದಿಲ್ಲ. ಆದರೆ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಗ್ಲೌಸ್ ಬೇಕು, ಕನ್ನಡಕ ಬೇಕು, ಏಳುವ ಗುಳ್ಳೆ ಹೈಡ್ರೋಜನ್ ಆದ್ದರಿಂದ ಹತ್ತಿರ ಬೆಂಕಿ ಇರಬಾರದು. ಬ್ಲಾಕಿನ ಹೊರಮೈಯೂ ಅಲ್ಯೂಮಿನಿಯಮ್ಮೇ ಅಲ್ವಾ, ಅಲ್ಲಿಗೆ ಹನಿ ಬಿದ್ದರೆ ಅದನ್ನೂ ತಿನ್ನುತ್ತದೆ.

ಇಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ಎಲ್ಲ ಬೋರ್ ಒಂದೇ ಥರ ಇರುವುದಿಲ್ಲ. ಒಳಗೆ ಅಯಸ್ಕಾಂತ ಇಟ್ಟು ನೋಡಿ. ಗಟ್ಟಿಯಾಗಿ ಕಚ್ಚಿದರೆ ಅದು ಎರಕದ ಕಬ್ಬಿಣದ ಸ್ಲೀವ್, ಅಂದರೆ ಬ್ಲಾಕಿನೊಳಗೆ ಕೂರಿಸಿದ ಕೊಳವೆ. ಇಲ್ಲದಿದ್ದರೆ ಅಲ್ಯೂಮಿನಿಯಂ ಗೋಡೆಗೆ ನಿಕ್ಕಲ್ ಲೇಪ ಕೊಟ್ಟಿರುತ್ತಾರೆ, ಅದರೊಳಗೆ ಸಿಲಿಕಾನ್ ಕಾರ್ಬೈಡ್ ಪುಡಿ ಸೇರಿರುತ್ತದೆ. ಜರ್ಮನಿಯ ಮಾಹ್ಲೆ ಕಂಪನಿ 1967ರಲ್ಲಿ, ರೋಟರ್ ತಿರುಗುವ ವಾಂಕೆಲ್ ಇಂಜಿನ್ನಿಗೆಂದು ತಂದ ನಿಕಾಸಿಲ್ ಈ ಜಾತಿಯದು. ಈ ಲೇಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ಅಷ್ಟೇ ದಪ್ಪ. ಇದನ್ನು ರೀಬೋರ್ ಮಾಡಿದರೆ ಲೇಪವೇ ಹೋಯಿತು. ಮೆತ್ತಿದ್ದೆಲ್ಲ ಕರಗಿದ ಮೇಲೂ ಅದೇ ಜಾಗದಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ ಲೇಪ ಕಿತ್ತು ಕೆಳಗಿನ ಅಲ್ಯೂಮಿನಿಯಂ ಹೊರಬಿದ್ದಿದೆ ಅಂತ ತಿಳಿಯಿರಿ. ಕೂಡಲೇ ನೀರು ಹಾಕಿ ತೊಳೆಯಿರಿ. ಅಂಥ ಬ್ಲಾಕಿಗೆ ಹೊಸ ಲೇಪ ಕೊಡಿಸಬೇಕು, ಇಲ್ಲಾ ಕಬ್ಬಿಣದ ಸ್ಲೀವ್ ಕೂರಿಸಬೇಕು.

ಕಬ್ಬಿಣದ ಸ್ಲೀವ್ ಆದರೆ ರೀಬೋರ್ ದಾರಿ ಇದೆ. ಎಮರಿ ಪೇಪರ್ ಹಿಡಿದು ಗೆರೆ ಇರುವಲ್ಲಿ ಮಾತ್ರ ಉಜ್ಜುವುದು, ಮೆಟಲ್ ಪೇಸ್ಟ್ ತುಂಬುವುದು, ಇವೆರಡನ್ನೂ ಮರೆತುಬಿಡಿ. ಮೊದಲನೆಯದರಿಂದ ಅಲ್ಲಿ ತಗ್ಗಾಗುತ್ತದೆ, ಪಿಸ್ಟನ್ನಿನ ಸುತ್ತ ಇರುವ ರಿಂಗ್ ಆ ತಗ್ಗಿಗೆ ಕೂರುವುದಿಲ್ಲ. ಎರಡನೆಯದು ಬಿಸಿಗೆ ನಿಲ್ಲುವುದಿಲ್ಲ.

ಓವರ್‌ಸೈಜ್ ಪಿಸ್ಟನ್‌ಗಳು ಸಾಮಾನ್ಯವಾಗಿ 0.25, 0.50, 0.75, 1.00 ಮಿಲಿಮೀಟರ್ ಲೆಕ್ಕದಲ್ಲಿ ಬರುತ್ತವೆ. ಇಲ್ಲಿ ಬಹಳ ಜನ ಲೆಕ್ಕ ತಪ್ಪುತ್ತಾರೆ. 0.25 ಅನ್ನುವುದು ವ್ಯಾಸದ ಲೆಕ್ಕ. ಒಂದೊಂದು ಬದಿಯಲ್ಲಿ ಹೋಗುವುದು 0.125 ಮಾತ್ರ. ಗೆರೆ ಅದಕ್ಕಿಂತ ಆಳ ಇದ್ದರೆ ಮೊದಲ ಸೈಜಿನಲ್ಲಿ ಹೋಗುವುದೇ ಇಲ್ಲ, 0.50ಕ್ಕೆ ಹೋಗಬೇಕು. ಕೊನೆಯ ಸೈಜೂ ಮುಗಿದಿದ್ದರೆ ಹೊಸ ಸ್ಲೀವೇ ಗತಿ.

ಪಿಸ್ಟನ್ ಮೊದಲು ಕೈಗೆ ಬರಬೇಕು, ಬೋರಿಂಗ್ ಆಮೇಲೆ. ಡಬ್ಬದ ಮೇಲೆ ಬರೆದ ಸೈಜನ್ನು ನಂಬಿ ಬೋರ್ ಮಾಡಿಸುವುದು ಬೇಡ. ಪಿಸ್ಟನ್ನಿನ ಕೆಳಭಾಗದಲ್ಲಿ, ತುದಿಯಿಂದ ಸ್ವಲ್ಪ ಮೇಲೆ, ಪಿನ್ನಿಗೆ ಅಡ್ಡವಾಗಿ ಮೈಕ್ರೋಮೀಟರ್ ಹಿಡಿದು ಅಳೆಯಬೇಕು. ಉದಾಹರಣೆಗೆ ಅಳತೆ 50.22 ಬಂತು, ಮ್ಯಾನುಯಲ್ ಹೇಳುವ ಕ್ಲಿಯರೆನ್ಸ್ 0.03 ಅಂತಿಟ್ಟುಕೊಳ್ಳಿ. ಬೋರ್ 50.25ಕ್ಕೆ ಬರಬೇಕು. ಆದರೆ ಕತ್ತರಿಸುವ ಕೆಲಸ 50.20ಕ್ಕೇ ನಿಲ್ಲಬೇಕು. ಉಳಿದದ್ದನ್ನು ಹೋನಿಂಗ್ ಕಲ್ಲು ತೆಗೆಯುತ್ತದೆ. ಆರಂಭದಲ್ಲಿ ಹೇಳಿದ ಓರೆ ಗೀರುಗಳು ಮೂಡುವುದು ಹಾಗೆ, ಸುಮಾರು 45 ಡಿಗ್ರಿ ಕೋನದಲ್ಲಿ. ಎಣ್ಣೆ ನಿಲ್ಲುವುದು ಆ ಗೀರುಗಳಲ್ಲೇ. ಕನ್ನಡಿಯ ಹಾಗೆ ಹೊಳೆಯುವ ಬೋರ್ ನೋಡಲು ಚಂದ, ಕೆಲಸಕ್ಕೆ ಬಾರದು. ಬೋರ್ ವಾಪಸ್ ಬಂದಾಗ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆಸಿ ನೋಡಿ. ಟೂ ಸ್ಟ್ರೋಕ್ ಆದರೆ ಪೋರ್ಟುಗಳ, ಅಂದರೆ ಗೋಡೆಯಲ್ಲಿರುವ ಕಿಂಡಿಗಳ, ಅಂಚು ಬೋರಿಂಗಿನಲ್ಲಿ ಬ್ಲೇಡಿನಷ್ಟು ಚೂಪಾಗಿರುತ್ತದೆ. ಅದನ್ನು ಸಣ್ಣಗೆ ಮೊಂಡು ಮಾಡದಿದ್ದರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ.

ಆಮೇಲೆ ತೊಳೆಯುವುದು. ಪೆಟ್ರೋಲಿನಲ್ಲಿ ತೊಳೆದರೆ ಗ್ರೀಸ್ ಹೋಗುತ್ತದೆ, ಗೀರುಗಳೊಳಗೆ ಕೂತ ಕಲ್ಲಿನ ಪುಡಿ ಹೋಗುವುದಿಲ್ಲ. ಬಿಸಿನೀರು, ಸೋಪು, ಬ್ರಶ್. ಒರೆಸಿ, ಬಿಳಿ ಬಟ್ಟೆಗೆ ಎಣ್ಣೆ ಹಚ್ಚಿ ಗೋಡೆಗೆ ಎಳೆಯಿರಿ. ಬಟ್ಟೆ ಬೂದುಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಬೇಕು. ಬೇಜಾರಾದರೂ ಬಿಡಬಾರದು, ಆ ಪುಡಿ ಹೊಸ ರಿಂಗನ್ನು ತಿಂದುಹಾಕುತ್ತದೆ. ಕೊನೆಗೆ ಎಣ್ಣೆ ಸವರಿಡಿ, ಬೋಳು ಕಬ್ಬಿಣ ಬಹಳ ಬೇಗ ತುಕ್ಕು ಹಿಡಿಯುತ್ತದೆ.

ರಿಂಗನ್ನು ಪಿಸ್ಟನ್ನಿಗೆ ಹಾಕುವ ಮುಂಚೆ ಒಂದೊಂದಾಗಿ ಬೋರಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದ ಸಮವಾಗಿ ಕೆಳಕ್ಕೆ ತಳ್ಳಿ, ಬಾಯಿಯ ಗ್ಯಾಪನ್ನು ಫೀಲರ್ ಗೇಜಿನಲ್ಲಿ, ಅಂದರೆ ಸಂದು ಅಳೆಯುವ ತೆಳು ಪಟ್ಟಿಗಳಲ್ಲಿ, ಅಳೆಯಿರಿ. 50 ಮಿಲಿಮೀಟರ್ ಬೋರಿಗೆ 0.2ರ ಆಸುಪಾಸು, ಸರಿಯಾದದ್ದು ಮ್ಯಾನುಯಲ್ಲಿನಲ್ಲಿರುತ್ತದೆ. ಗ್ಯಾಪ್ ಇಲ್ಲದಿದ್ದರೆ ಬಿಸಿಗೆ ಎರಡು ತುದಿ ಗುದ್ದಿಕೊಂಡು ಮತ್ತೆ ಬೋರ್ ಕೊರೆಯುತ್ತದೆ. ಪಿನ್ ಲಾಕ್ ಹೊಸದೇ ಆಗಬೇಕು. ಅದನ್ನು ಹಾಕುವಾಗ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿರಿ. ಲಾಕ್ ಹಾರಿ ಒಳಗೆ ಬಿದ್ದರೆ ಇಂಜಿನ್ ಪೂರ್ತಿ ಬಿಚ್ಚಬೇಕಾದೀತು.

ಸ್ಟಾರ್ಟ್ ಮಾಡಿದ ಮೊದಲ ಕೆಲವು ನಿಮಿಷ ಹೊಗೆ ಬಂದರೆ ಗಾಬರಿ ಬೇಡ, ಜೋಡಿಸುವಾಗ ಸವರಿದ ಎಣ್ಣೆ ಉರಿಯುತ್ತಿರುತ್ತದೆ. ನಿಂತಲ್ಲೇ ಬಹಳ ಹೊತ್ತು ಓಡಿಸಬೇಡಿ, ವೇಗ ಏರಿಸುತ್ತಾ ಇಳಿಸುತ್ತಾ ಓಡಿಸಿ, ಟಾಪ್ ಗೇರಿನಲ್ಲಿ ಎಳೆಸಬೇಡಿ. ಫೋರ್ ಸ್ಟ್ರೋಕ್ ಆದರೆ ಮೊದಲ ಎಣ್ಣೆಯನ್ನು ಬೇಗನೇ ಬದಲಿಸಿ. ರನ್ನಿಂಗ್ ಇನ್, ಅಂದರೆ ಹೊಸ ಭಾಗಗಳು ಹೊಂದಿಕೊಳ್ಳುವ ಮೊದಲ ಓಟ, ಮುಗಿದ ಮೇಲೂ ಹೊಗೆ ನಿಲ್ಲದಿದ್ದರೆ ರೀಬೋರ್ ಮಾಡಿದವರನ್ನು ಬೈಯುವ ಮುಂಚೆ ರಿಂಗ್ ನೋಡಿ. ಅಕ್ಷರ ಇರುವ ಮುಖ ಮೇಲಕ್ಕಿರಬೇಕು.