ಎಳೆದರೆ ಕೈಗೇ ಬಂತು! | ಹಿರಿಯರ ಮನೆ ಸೈಟ್ ವಿಸಿಟ್

ಇವತ್ತು ಬೆಂಗಳೂರಿನ ಹೊರವಲಯದ ಸೈಟಿನಲ್ಲಿದ್ದೇನೆ. ಹಿರಿಯರಿಗಾಗಿಯೇ ಕಟ್ಟುತ್ತಿರುವ ಫ್ಲ್ಯಾಟ್‌ಗಳು. ಕಟಿಂಗ್ ಮಷೀನ್ ಸದ್ದು ಜಾಸ್ತಿ, ಸ್ವಲ್ಪ ಸಹಿಸಿಕೊಳ್ಳಿ.

ಈ ರ‍್ಯಾಂಪ್ ಚೆನ್ನಾಗಿ ಬಂದಿದೆ. ಒಂದಡಿ ಏರಲು 12 ಅಡಿ ಉದ್ದ. ಇದಕ್ಕಿಂತ ಕಡಿದಾದರೆ ಬೈಕ್ ಹತ್ತಿಸೋಕೆ ಸರಿ, ವೀಲ್‌ಚೇರ್‌ಗೆ ಅಲ್ಲ. ಇದು ಲಿಫ್ಟ್ ಜಾಗ, ಸ್ಟ್ರೆಚರ್ ಹಿಡಿಸುವಷ್ಟಿದೆ. ಬಿಲ್ಡರ್‌ಗೆ ಅದೇ ಸಂಕಟ, ಅಷ್ಟು ಜಾಗ ಮಾರಬಹುದಿತ್ತಲ್ಲ!

ಬಾತ್‌ರೂಮಿಗೆ ಬನ್ನಿ. ನನ್ನ ಬಿಪಿ ಏರಿದ್ದು ಇಲ್ಲೇ. ಕಮೋಡ್ ಪಕ್ಕ ಹಿಡಿದು ಏಳುವ ಕಂಬಿ ಇರುತ್ತದಲ್ವಾ, ಸುಮ್ನೆ ಒಮ್ಮೆ ಎಳೆದೆ. ಸ್ಕ್ರೂ ಸಮೇತ ಕೈಗೇ ಬಂತು. ಗೋಡೆಯೊಳಗೆ ಹಾಲೋ ಬ್ಲಾಕ್, ಅಂದರೆ ಟೊಳ್ಳು ಇಟ್ಟಿಗೆ, ಅದಕ್ಕೆ ಬರೀ ಪ್ಲಾಸ್ಟಿಕ್ ಪ್ಲಗ್! ಆ ಜಾಗದಲ್ಲಿ ಕಾಂಕ್ರೀಟ್ ತುಂಬಿ ಅಂತ ಡ್ರಾಯಿಂಗ್‌ನಲ್ಲಿ ಬರೆದಿದೆ. ಮೇಸ್ತ್ರಿಯನ್ನು ಕೇಳಿದರೆ, "ಟವಲ್ ಹಾಕೋಕೆ ಇಷ್ಟು ಸಾಕಲ್ವಾ ಮೇಡಂ?" ಟವಲ್ ಅಲ್ಲಣ್ಣ, 80 ಕೆಜಿ ತೂಕದ ತಾತ ಪೂರ್ತಿ ಭಾರ ಹಾಕಿ ಏಳುತ್ತಾರೆ!

ಈಗ ಟೈಲ್ಸ್ ಒಡೆಯಬೇಕು. ಆ ಲಾಟ್ ಟೈಲ್ಸ್ ಅಂಗಡಿಯಲ್ಲಿ ಖಾಲಿ, ಹೊಸದು ತಂದರೆ ಬಣ್ಣ ಹೊಂದುವುದಿಲ್ಲ. ದುಡ್ಡು ಯಾರು ಕೊಡಬೇಕು ಅಂತ ಕಾಂಟ್ರ್ಯಾಕ್ಟರ್‌ಗೂ ಬಿಲ್ಡರ್‌ಗೂ ಫೋನಿನಲ್ಲಿ ಜಗಳ ಶುರುವಾಗಿದೆ. ಗೋಡೆ ಕಟ್ಟುವಾಗಲೇ ಮಾಡಿದ್ದರೆ ಒಂದೆರಡು ಬಾಂಡ್ಲಿ ಕಾಂಕ್ರೀಟ್‌ನಲ್ಲಿ ಮುಗಿಯುತ್ತಿತ್ತು.

ಮನೆ ಆಸ್ಪತ್ರೆ ಥರ ಕಾಣಬಾರದು ಅಂತ ಎಲ್ಲರೂ ಹೇಳುತ್ತಾರೆ. ಕಾಣೋದು ಬೇಡ, ಒಪ್ಪಿದೆ. ಗೋಡೆಯೊಳಗಾದರೂ ಆಸ್ಪತ್ರೆಯ ಗಟ್ಟಿತನ ಇರಬೇಕಲ್ಲ?

ಈ ಕಂಬಿಯ ನೀಲಿ ಬಣ್ಣ ಮಾತ್ರ ನನಗೆ ಹಿಡಿಸಿಲ್ಲ. ಪಾರ್ಕಿನ ಜಾರುಬಂಡೆ ಥರ ಇದೆ. ತಡೀರಿ, ಬಿಳಿ ಟೈಲ್ಸ್ ಮೇಲೆ ಇಟ್ಟು ನೋಡೋಣ. ಅರೆ, ಎಷ್ಟು ಎದ್ದು ಕಾಣುತ್ತಿದೆ! ಕಣ್ಣಿಗೆ ಪೊರೆ ಬಂದವರಿಗೆ ಇದೇ ಬೇಕು. ಇರಲಿ ಬಿಡಿ, ನೀಲಿಯೇ ಇರಲಿ.

ವಾಶ್‌ಬೇಸಿನ್ ನೋಡಿದಾಗೆಲ್ಲ ನನಗೆ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ನೆನಪಾಗುತ್ತಾರೆ. ಫಿನ್‌ಲ್ಯಾಂಡಿನ ಪೈಮಿಯೊದಲ್ಲಿ 1933ರಲ್ಲಿ ಮುಗಿದ ಕ್ಷಯ ರೋಗಿಗಳ ಆಸ್ಪತ್ರೆ ಅವರದು. ನಲ್ಲಿ ಬಿಟ್ಟರೆ ಸದ್ದಾಗದ ಹಾಗೆ ಬೇಸಿನ್ ಒಳಗಿನ ಇಳಿಜಾರು ಮಾಡಿದ್ದರು, ರೂಮಿನ ಇನ್ನೊಬ್ಬ ರೋಗಿಯ ನಿದ್ದೆ ಕೆಡಬಾರದು ಅಂತ. ಮಲಗಿದವರ ಕಣ್ಣಿಗೆ ಹಿತವಾಗಲಿ ಅಂತ ಸೀಲಿಂಗ್‌ಗೆ ಕಡು ಹಸಿರು. ಅಲ್ಲಿಯ ಬಾಗಿಲ ಹಿಡಿಕೆ ಕೂಡ...

ಅಯ್ಯೋ, ಬ್ಯಾಟರಿ ಕೆಂಪಾಯ್ತು. ಈ ಬಾತ್‌ರೂಮಿನ ಬಾಗಿಲು ಹೊರಗಡೆಗೆ ತೆರೆಯುತ್ತದೆ, ನೋಡಿಕೊಳ್ಳಿ. ಒಳಗೆ ಯಾರಾದರೂ ಬಿದ್ದರೂ ತೆಗೆಯಬಹುದು. ಪಕ್ಕದ ಫ್ಲ್ಯಾಟಿಗೆ ಹೋಗೋಣ, ಅಲ್ಲಿಯ ಕಂಬಿಯನ್ನೂ ಎಳೆದು ನೋಡಬೇಕು.